ಆಸ್ಪತ್ರೆಯ ನೀರಿನಿಂದ ಬರುವ ನ್ಯುಮೋನಿಯಾ: ಲೀಜಿಯೊನೆಲ್ಲಾ ಹೇಗೆ ಬೆಳೆಯುತ್ತದೆ, ರೋಗಿಯ ಕಡೆಯವರು ಏನು ಕೇಳಬಹುದು

ಕಾಲು ಮುರಿದು ಅಥವಾ ಕಿಡ್ನಿ ತೊಂದರೆಯೆಂದು ಆಸ್ಪತ್ರೆ ಸೇರಿದವರಿಗೆ ಹನ್ನೆರಡನೇ ದಿನ ನ್ಯುಮೋನಿಯಾ ಬಂದರೆ ಮನೆಯವರು ಡಾಕ್ಟರನ್ನು ಕೇಳುತ್ತಾರೆ, ನರ್ಸನ್ನು ಕೇಳುತ್ತಾರೆ. ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ ಎಂದು ಯಾರೂ ಕೇಳುವುದಿಲ್ಲ. ನೀರಿನಲ್ಲಿ ಬೆಳೆಯುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾದಲ್ಲಿ, ಅಂದರೆ ಲೀಜಿಯೊನೇರ್ಸ್ ರೋಗದಲ್ಲಿ, ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ತಡ ಮಾಡಿದರೆ ಚಿಕಿತ್ಸೆಯೂ ಕೈತಪ್ಪುತ್ತದೆ, ಸಾಕ್ಷ್ಯವೂ ಕೈತಪ್ಪುತ್ತದೆ.

1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರು ಒಬ್ಬರ ಹಿಂದೆ ಒಬ್ಬರಂತೆ ನ್ಯುಮೋನಿಯಾದಿಂದ ಹಾಸಿಗೆ ಹಿಡಿದಾಗ ಈ ರೋಗ ಬೆಳಕಿಗೆ ಬಂತು. ಆರು ತಿಂಗಳ ನಂತರ, 1977ರ ಜನವರಿಯಲ್ಲಿ ಜೋಸೆಫ್ ಮೆಕ್‌ಡೇಡ್ ಮತ್ತು ಚಾರ್ಲ್ಸ್ ಶೆಪರ್ಡ್ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಆಸ್ಪತ್ರೆಗಳೂ ಇದರಿಂದ ಪಾರಾಗಲಿಲ್ಲ. 1985ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ನ ಜಿಲ್ಲಾ ಆಸ್ಪತ್ರೆಯಲ್ಲಿ ಏರ್ ಕಂಡೀಷನಿಂಗ್ ವ್ಯವಸ್ಥೆಯ ಕೂಲಿಂಗ್ ಟವರಿನಿಂದ ಹರಡಿದ ಸೋಂಕಿಗೆ 28 ಜನ ಬಲಿಯಾದರು. 2011-12ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕನಿಷ್ಠ 6 ರೋಗಿಗಳು ಸತ್ತರು. ಅಲ್ಲಿ ನೀರಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲಲೆಂದೇ ತಾಮ್ರ-ಬೆಳ್ಳಿ ಅಯಾನುಗಳ ಯಂತ್ರ ಇತ್ತು. ಯಂತ್ರ ಇದ್ದ ಮಾತ್ರಕ್ಕೆ ನೀರು ಸುರಕ್ಷಿತವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದುಬಾರಿ ಸಾಕ್ಷಿ ಬೇಡ.

ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. 2014ರಲ್ಲಿ ಪೋರ್ಚುಗಲ್‌ನಲ್ಲಿ ಹಾಗೆ ಹರಡಿರಬಹುದಾದ ಒಂದು ಪ್ರಕರಣ ದಾಖಲಾಗಿದೆ, ಅಷ್ಟೆ. ಹಾಗಾಗಿ ರೋಗಿಯ ಪಕ್ಕ ಕೂರಲು ಮನೆಯವರು ಹೆದರಬೇಕಿಲ್ಲ. ಸೋಂಕು ಬರುವುದು ಬ್ಯಾಕ್ಟೀರಿಯಾ ಇರುವ ನೀರಿನ ಸೂಕ್ಷ್ಮ ಹನಿಗಳನ್ನು ಉಸಿರಾಡಿದಾಗ, ಇಲ್ಲವೇ ಕುಡಿಯುವ ನೀರು ದಾರಿತಪ್ಪಿ ಶ್ವಾಸನಾಳಕ್ಕೆ ಇಳಿದಾಗ. ಮೂಗಿನಲ್ಲಿ ಆಹಾರದ ನಳಿಗೆ ಇರುವವರಿಗೆ, ಪಾರ್ಶ್ವವಾಯುವಿನಿಂದ ನುಂಗಲು ಕಷ್ಟಪಡುವವರಿಗೆ ಈ ಎರಡನೇ ದಾರಿಯೇ ಹೆಚ್ಚು ಅಪಾಯಕಾರಿ.

ನಮ್ಮ ಕಡೆ ತಣ್ಣೀರೂ ತಣ್ಣಗಿರುವುದಿಲ್ಲ

ಲೀಜಿಯೊನೆಲ್ಲಾ 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಬದುಕಿ ಬೆಳೆಯುತ್ತದೆ. 35 ಡಿಗ್ರಿಯ ಆಸುಪಾಸು ಅದಕ್ಕೆ ಬಲು ಹಿತ. 50 ದಾಟಿದರೆ ನಿಧಾನಕ್ಕೆ ಸಾಯುತ್ತದೆ, 60ರಲ್ಲಿ ನಿಮಿಷಗಳಲ್ಲಿ, 70ರಲ್ಲಿ ಹೆಚ್ಚುಕಡಿಮೆ ಆ ಕ್ಷಣಕ್ಕೇ. ಬ್ರಿಟನ್ನಿನ ಆಸ್ಪತ್ರೆಗಳ ನಿಯಮ ಇದರ ಮೇಲೆಯೇ ನಿಂತಿದೆ: ಬಿಸಿನೀರನ್ನು 60 ಡಿಗ್ರಿಯಲ್ಲಿ ಸಂಗ್ರಹಿಸಬೇಕು, ನಲ್ಲಿ ತಿರುಗಿಸಿದ ಒಂದು ನಿಮಿಷದೊಳಗೆ 55 ಸಿಗಬೇಕು, ತಣ್ಣೀರು ಎರಡು ನಿಮಿಷದೊಳಗೆ 20ಕ್ಕಿಂತ ಕೆಳಗಿರಬೇಕು.

ಈ ಕೊನೆಯ ಮಾತು ಮುಂಬಯಿ, ಪುಣೆ, ಗೋವಾದಲ್ಲಿ ನಡೆಯುವಂಥದ್ದಲ್ಲ. ಮೇ ತಿಂಗಳಲ್ಲಿ ತಾರಸಿಯ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಧ್ಯಾಹ್ನ ಮುಟ್ಟಿದರೆ ಬೆಚ್ಚಗಿರುತ್ತದೆ. ಅಂದರೆ ಬ್ರಿಟನ್ನಿನಲ್ಲಿ ತಣ್ಣೀರಿಗಿರುವ ತಾಪಮಾನದ ಬೇಲಿ ನಮಗೆ ಇಲ್ಲವೇ ಇಲ್ಲ. ಆ ಬೇಲಿ ಇಲ್ಲದ ಕಡೆ ಉಳಿಯುವುದು ಎರಡೇ: ನೀರು ನಿಲ್ಲದಂತೆ ನೋಡಿಕೊಳ್ಳುವುದು, ಕೊನೆಯ ನಲ್ಲಿಯವರೆಗೂ ಕ್ಲೋರಿನ್ ಉಳಿಸುವುದು. ಹೊರದೇಶದ ಪಟ್ಟಿಯನ್ನು ನಕಲು ಮಾಡಿ ಫೈಲಿನಲ್ಲಿ ಇಟ್ಟುಕೊಂಡ ಆಸ್ಪತ್ರೆಗೆ ಈ ವ್ಯತ್ಯಾಸ ತಿಳಿದಿರುವುದಿಲ್ಲ.

ಮುಂಬಯಿಯಲ್ಲಿ ಪಾಲಿಕೆಯ ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ಹಾಗಾಗಿ ಅದು ಮೊದಲು ನೆಲದ ಸಂಪಿಗೆ, ಪಂಪಿನಿಂದ ತಾರಸಿಯ ಟ್ಯಾಂಕಿಗೆ, ಅಲ್ಲಿಂದ ವಾರ್ಡಿಗೆ ಇಳಿಯುತ್ತದೆ. ನೀರು ಕಡಿತದ ಭಯಕ್ಕೆ ಟ್ಯಾಂಕನ್ನು ಅಗತ್ಯಕ್ಕಿಂತ ದೊಡ್ಡದಾಗಿ ಕಟ್ಟಿಸುತ್ತಾರೆ. ಲೆಕ್ಕ ಹಾಕಿ: 50,000 ಲೀಟರಿನ ಟ್ಯಾಂಕು, ದಿನದ ಬಳಕೆ 12,500 ಲೀಟರ್ ಎಂದರೆ ನೀರು ಸರಾಸರಿ ನಾಲ್ಕು ದಿನ ಬಿಸಿಲಿನಲ್ಲಿ ನಿಂತಿರುತ್ತದೆ. ಶಾಖಕ್ಕೆ ಕ್ಲೋರಿನ್ ಬೇಗ ಕರಗಿ ಹೋಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಬಳಕೆದಾರನ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು. ಅಳೆಯಬೇಕಾದದ್ದು ಸಂಪಿನ ಪಕ್ಕದ ನಲ್ಲಿಯಲ್ಲಲ್ಲ, ಪಂಪಿನಿಂದ ಅತಿ ದೂರದ ವಾರ್ಡಿನ ನಲ್ಲಿಯಲ್ಲಿ. ಕ್ಲೋರಿನ್ ಅಳೆಯಲು ಹಳದಿ ಬಣ್ಣ ತೋರಿಸುವ ಕ್ಲೋರೋಸ್ಕೋಪ್ ಬಳಸುವುದಾದರೆ ಹನಿ ಹಾಕಿದ ಹತ್ತು ಸೆಕೆಂಡಿನೊಳಗೆ ಬಣ್ಣ ನೋಡಬೇಕು. ತಡವಾಗಿ ನೋಡಿದರೆ ಸಂಯುಕ್ತ ಕ್ಲೋರಿನ್ನೂ (ಬೇರೆ ವಸ್ತುಗಳ ಜೊತೆ ಕೂಡಿ ಬಲ ಕುಂದಿದ್ದು) ಸೇರಿ ಅಂಕಿ ಚೆನ್ನಾಗಿದ್ದಂತೆ ಕಾಣುತ್ತದೆ. ಗುಲಾಬಿ ಬಣ್ಣದ ಡಿಪಿಡಿ ಕಿಟ್ ಇದಕ್ಕಿಂತ ನಂಬಿಕೆಗೆ ಅರ್ಹ.

ಇನ್ನೊಂದು ಸಂಗತಿ ಕುಡಿಯುವ ನೀರಿನ ವರದಿಗೆ ಸಂಬಂಧಿಸಿದ್ದು. ‘ನಮ್ಮ ನೀರಿನ ಟೆಸ್ಟ್ ಪಾಸಾಗಿದೆ’ ಎಂದು ಆಸ್ಪತ್ರೆ ತೋರಿಸುವ ಕಾಗದದಲ್ಲಿ ಸಾಮಾನ್ಯವಾಗಿ ಇರುವುದು ಕೋಲಿಫಾರ್ಮ್ ಮತ್ತು ಇ.ಕೋಲಿ ಫಲಿತಾಂಶ. ಅವು ಮಲದ ಕಲಬೆರಕೆಯ ಗುರುತುಗಳು. ಲೀಜಿಯೊನೆಲ್ಲಾಕ್ಕೂ ಮಲಕ್ಕೂ ಸಂಬಂಧವಿಲ್ಲ. ಆ ಪರೀಕ್ಷೆ ಪಾಸಾದ ನೀರಿನಲ್ಲೂ ಅದು ಯಥೇಚ್ಛವಾಗಿ ಇರಬಹುದು.

ಪೈಪಿನೊಳಗೆ ಅದು ಬಿಡಿಯಾಗಿ ತೇಲುವುದು ಕಡಿಮೆ. ಗೋಡೆಗೆ ಅಂಟಿದ ಲೋಳೆಪದರದಲ್ಲಿ, ಅಲ್ಲಿ ಮೇಯುವ ಅಮೀಬಾಗಳ ಹೊಟ್ಟೆಯೊಳಗೆ ಬೆಳೆಯುತ್ತದೆ. ಕ್ಲೋರಿನ್ ಅಮೀಬಾದ ಗೂಡನ್ನು ಸುಲಭವಾಗಿ ದಾಟುವುದಿಲ್ಲ. ಒಮ್ಮೆ ಬೇರೂರಿದ ಮೇಲೆ ಒಂದು ಸಲದ ಶುದ್ಧೀಕರಣದಿಂದ ಅದು ಹೋಗದೆ, ಕೆಲವು ವಾರಗಳಲ್ಲೇ ಮರಳಿ ಕಾಣಿಸಿಕೊಳ್ಳುವುದು ಇದಕ್ಕೇ.

ಎಲ್ಲೆಲ್ಲಿ ತಪ್ಪುತ್ತದೆ

ಪುಣೆಯ ಮಳೆಗಾಲದ ಸೋಲಾರ್ ಟ್ಯಾಂಕು ಒಳ್ಳೆಯ ಉದಾಹರಣೆ. ಮೋಡದ ದಿನಗಳಲ್ಲಿ ನೀರು ಕಾಯುವುದಿಲ್ಲ. ಕರೆಂಟ್ ಬಿಲ್ಲಿನ ಚಿಂತೆಗೆ ಬ್ಯಾಕಪ್ ಹೀಟರ್ ಆಫ್ ಆಗಿರುತ್ತದೆ. ಟ್ಯಾಂಕಿನ ತಳದಲ್ಲಿ ಹೂಳು, ಮೇಲೆ 38-40 ಡಿಗ್ರಿಯ ನೀರು, ಕ್ಲೋರಿನ್ ಶೂನ್ಯ. ಬ್ಯಾಕ್ಟೀರಿಯಾ ಬೆಳೆಸಲೆಂದೇ ಇಟ್ಟ ವ್ಯವಸ್ಥೆಯೂ ಹೀಗೆಯೇ ಇರುತ್ತಿತ್ತು. ಪರಿಹಾರ ಸರಳ, ಖರ್ಚು ಇದೆ: ಬ್ಯಾಕಪ್ ಹೀಟರನ್ನು 60 ಡಿಗ್ರಿಗೆ ಇಟ್ಟು ಚಾಲೂ ಇಡುವುದು, ಸುತ್ತಿ ಬರುವ ಪೈಪಿನ ನೀರು 50ಕ್ಕಿಂತ ಕೆಳಗಿಳಿಯದಂತೆ ನೋಡುವುದು, ಟ್ಯಾಂಕಿನ ತಳದ ವಾಲ್ವ್ ತೆರೆದು ಹೂಳು ಹೊರಬಿಡುವುದು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ಅದರಲ್ಲೂ ಮಕ್ಕಳು ಮತ್ತು ಮುದುಕರದ್ದು. ಆದ್ದರಿಂದ ಶವರಿನ ಬಳಿಯೇ ತಣ್ಣೀರು ಬೆರೆಸುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಬೇಕು. ಸುಡುತ್ತದೆಂದು ಇಡೀ ಟ್ಯಾಂಕನ್ನೇ 45ಕ್ಕೆ ಇಳಿಸುವುದು ಅತಿ ಸಾಮಾನ್ಯ ತಪ್ಪು, ಅತಿ ಅಪಾಯದ ತಪ್ಪೂ ಹೌದು.

ವಾಶ್‌ಬೇಸಿನ್ ತೆಗೆದು ಅದರ ಪೈಪಿಗೆ ಎರಡು ಮೀಟರ್ ಆಚೆ ಮುಚ್ಚಳ ಹಾಕಿದರೆ ಆ ಎರಡು ಮೀಟರಿನಲ್ಲಿ ನಿಂತ ನೀರು ವರ್ಷಗಟ್ಟಲೆ ಮುಖ್ಯ ಪೈಪಿಗೆ ಸೋಂಕು ಹರಿಸುತ್ತದೆ. ಕವಲೊಡೆಯುವ ಜಾಗದಲ್ಲೇ ಕತ್ತರಿಸಿ ಮುಚ್ಚಬೇಕು. ಖಾಲಿ ಬಿದ್ದ ವಾರ್ಡಿನ ಪ್ರತಿ ನಲ್ಲಿ, ಶವರನ್ನು ವಾರಕ್ಕೊಮ್ಮೆಯಾದರೂ ಕೆಲವು ನಿಮಿಷ ಹರಿಸಿ, ತಾರೀಕು ಹಾಕಿ ಸಹಿ ಮಾಡಬೇಕು. ಹರಿಸುವಾಗ ಶವರ್ ತಲೆಯನ್ನು ಪ್ಲಾಸ್ಟಿಕ್ ಚೀಲದಿಂದ ಸುತ್ತಿ, ಚೀಲದ ಮೂಲೆ ಕತ್ತರಿಸಿ ನೀರು ಕೆಳಗೆ ಬಿಡಬೇಕು. ಇಲ್ಲದಿದ್ದರೆ ಆ ಕೆಲಸ ಮಾಡುವ ನೌಕರನೇ ತುಂತುರನ್ನು ಉಸಿರಾಡುತ್ತಾನೆ. ನಮ್ಮ ಕಕ್ಕಸುಗಳ ಹೆಲ್ತ್ ಫಾಸೆಟ್ ಕೂಡ ಇದೇ ಜಾತಿಯದ್ದು: ರಬ್ಬರ್ ಒಳಪದರದ ಮೆತುವಾದ ಕೊಳವೆ, ಕೋಣೆಯ ಶಾಖದಲ್ಲಿ ನಿಂತ ನೀರು, ಒತ್ತಿದರೆ ತುಂತುರು. ಇದರ ಬಗ್ಗೆ ಪಾಶ್ಚಾತ್ಯ ಪಟ್ಟಿಗಳು ಮಾತಾಡುವುದಿಲ್ಲ, ಏಕೆಂದರೆ ಅಲ್ಲಿ ಇದರ ಬಳಕೆಯೇ ಕಡಿಮೆ. ನಾವು ನಮ್ಮ ಪಟ್ಟಿಗೆ ಸೇರಿಸಿಕೊಳ್ಳಲೇಬೇಕು.

ಹಾಸಿಗೆಯ ಪಕ್ಕದಲ್ಲೇ ನೋಡಬಹುದಾದ ವಸ್ತು ಆಮ್ಲಜನಕದ ಹ್ಯುಮಿಡಿಫೈಯರ್ ಬಾಟಲಿ. ಗೋಡೆಯ ಮೀಟರಿಗೆ ಸಿಕ್ಕಿಸಿರುವ, ಗುಳ್ಳೆ ಏಳುವ ಆ ಚಿಕ್ಕ ಬಾಟಲಿಗೆ ಸ್ಟೆರೈಲ್ ನೀರನ್ನೇ ತುಂಬಬೇಕು. ನಲ್ಲಿ ನೀರು ಸಲ್ಲದು, ಆರ್‌ಒ ನೀರೂ ಸಲ್ಲದು; ಆರ್‌ಒ ಯಂತ್ರ ಕ್ಲೋರಿನ್ನನ್ನೂ ತೆಗೆದುಬಿಡುತ್ತದೆ, ಆಮೇಲೆ ಅದರ ಸಂಗ್ರಹ ಟ್ಯಾಂಕಿನಲ್ಲಿ ನೀರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಕಡಿಮೆಯಾದ ನೀರಿಗೆ ಮೇಲಿಂದ ಸುರಿಯದೆ, ಉಳಿದದ್ದನ್ನು ಚೆಲ್ಲಿ, ಬಾಟಲಿ ಶುದ್ಧ ಮಾಡಿ ಹೊಸದಾಗಿ ತುಂಬಬೇಕು. ನೆಬ್ಯುಲೈಜರಿನ ಕಪ್ಪನ್ನು ನಲ್ಲಿಯಡಿ ತೊಳೆದು ಹಾಗೇ ಬಳಸುವುದೂ ಅಷ್ಟೇ ಅಪಾಯ. ರೋಗಿಯ ಕಡೆಯವರು ‘ಸಿಸ್ಟರ್, ಇದಕ್ಕೆ ಯಾವ ನೀರು ಹಾಕುತ್ತೀರಿ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಕೀಮೋ ಪಡೆಯುವವರು, ಅಂಗಾಂಗ ಕಸಿ ಆದವರು, ಹೆಚ್ಚು ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಶ್ವಾಸಕೋಶದ ಹಳೇ ಕಾಯಿಲೆಯವರು, 50 ದಾಟಿದ ಧೂಮಪಾನಿಗಳು — ಇವರ ಮಟ್ಟಿಗೆ ಅದು ಕೇಳಲೇಬೇಕಾದ ಪ್ರಶ್ನೆ.

ಪರೀಕ್ಷೆ: ಮೂತ್ರದ ಜೊತೆ ಕಫವೂ ಹೋಗಲಿ

ಸೋಂಕು ತಗಲಿದ 2ರಿಂದ 10 ದಿನದಲ್ಲಿ, ಕೆಲವೊಮ್ಮೆ 14 ದಿನದವರೆಗೂ ತಡೆದು, ಲಕ್ಷಣಗಳು ಶುರುವಾಗುತ್ತವೆ. ಜೋರು ಜ್ವರ, ಕೆಮ್ಮು, ಉಸಿರುಕಟ್ಟು. ಜೊತೆಗೆ ಭೇದಿ, ಮಂಕು, ರಕ್ತದಲ್ಲಿ ಸೋಡಿಯಂ ಇಳಿತ ಇದ್ದರೆ ಸಂಶಯ ಗಟ್ಟಿಯಾಗಬೇಕು. ಆದರೆ ಎಕ್ಸ್‌ರೇ ನೋಡಿ ಇದನ್ನು ಬೇರೆ ನ್ಯುಮೋನಿಯಾದಿಂದ ಬೇರ್ಪಡಿಸಲಾಗದು. ಆಸ್ಪತ್ರೆಗಳಲ್ಲಿ ಮೊದಲು ಕೊಡುವ ಸೆಫ್ಟ್ರಿಯಾಕ್ಸೋನ್‌ನಂಥ ಔಷಧ ಇದಕ್ಕೆ ನಾಟುವುದಿಲ್ಲ, ಯಾಕೆಂದರೆ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೇ ಅಡಗಿರುತ್ತದೆ. ಬೇಕಾದದ್ದು ಲಿವೋಫ್ಲಾಕ್ಸಾಸಿನ್ ಅಥವಾ ಅಜಿತ್ರೊಮೈಸಿನ್. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಂದಾಜಿನಂತೆ ಈ ರೋಗ ಬಂದ ಹತ್ತು ಜನರಲ್ಲಿ ಒಬ್ಬರು ಸಾಯುತ್ತಾರೆ. ಆಸ್ಪತ್ರೆಯಲ್ಲೇ ಅಂಟಿದವರಲ್ಲಿ ನಾಲ್ವರಿಗೆ ಒಬ್ಬರು.

ಮೂತ್ರದ ಆಂಟಿಜೆನ್ ಪರೀಕ್ಷೆ ಬೇಗ ಆಗುತ್ತದೆ. ಅದಕ್ಕೆ ಎರಡು ಮಿತಿಗಳಿವೆ. ಒಂದು, ಅದು ಲೀಜಿಯೊನೆಲ್ಲಾ ನ್ಯುಮೋಫಿಲಾದ ಸೆರೋಗ್ರೂಪ್ 1 ಎಂಬ ಒಂದು ಬಗೆಯನ್ನು ಮಾತ್ರ ಹಿಡಿಯುತ್ತದೆ. ಆಸ್ಪತ್ರೆಯ ನೀರಿನಲ್ಲಿ ಬೇರೆ ಬಗೆಯದೂ ಇರಬಹುದು. ಎರಡನೆಯದು ಕಾನೂನಿನ ದೃಷ್ಟಿಯಿಂದ ಇನ್ನೂ ದೊಡ್ಡದು: ಮೂತ್ರದಿಂದ ಜೀವಂತ ಬ್ಯಾಕ್ಟೀರಿಯಾ ಸಿಗುವುದಿಲ್ಲ. ರೋಗಿಯಿಂದ ಬೆಳೆಸಿದ ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಅದರ ಜೀನೋಮನ್ನು ಶವರಿನ ನೀರಿನ ಬ್ಯಾಕ್ಟೀರಿಯಾದ ಜೊತೆ ಹೋಲಿಸಿ, ಎರಡೂ ಒಂದೇ ಎಂದು ತೋರಿಸಬಹುದು. ಆದ್ದರಿಂದ ಕಫದ ಅಥವಾ ಶ್ವಾಸನಾಳದಿಂದ ತೆಗೆದ ದ್ರವದ ಕಲ್ಚರ್ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಪರೀಕ್ಷೆ) ಮತ್ತು ಪಿಸಿಆರ್ ಕೂಡ ಕಳಿಸುವಂತೆ ಕೇಳಿ. ಸಾಧ್ಯವಾದರೆ ಆಂಟಿಬಯಾಟಿಕ್ ಶುರುವಾಗುವ ಮೊದಲೇ, ಆದರೆ ಅದಕ್ಕಾಗಿ ಚಿಕಿತ್ಸೆ ತಡ ಮಾಡಬಾರದು. ಲ್ಯಾಬಿಗೆ ‘ಲೀಜಿಯೊನೆಲ್ಲಾ ಕಲ್ಚರ್’ ಎಂದು ಬರೆದೇ ಕೊಡಬೇಕು. ಮಾಮೂಲಿ ಮಾಧ್ಯಮದಲ್ಲಿ ಅದು ಬೆಳೆಯುವುದಿಲ್ಲ, ಇದ್ದಿಲು ಬೆರೆಸಿದ ಬಿಸಿವೈಇ ಅಗರ್ ಬೇಕು.

ನೀರಿನ ಮಾದರಿಯದ್ದೂ ಇದೇ ಕಥೆ. ಪ್ರಕರಣ ಗೊತ್ತಾದ ಕೂಡಲೇ ಹಲವು ಕಡೆ ಮೊದಲು ಮಾಡುವುದು ಟ್ಯಾಂಕಿಗೆ ಭಾರಿ ಕ್ಲೋರಿನ್ ಸುರಿಯುವುದು. ಸದುದ್ದೇಶವೇ ಇದ್ದರೂ ಅದರಿಂದ ಮೂಲ ಯಾವುದೆಂಬ ಗುರುತು ಅಳಿಸಿಹೋಗುತ್ತದೆ. ಸರಿಯಾದ ಕ್ರಮ ಹೀಗಿದೆ: ಮೊದಲು ಆ ವಾರ್ಡಿನ ಶವರ್, ನಲ್ಲಿಗಳ ಬಳಕೆ ನಿಲ್ಲಿಸಿ, ರೋಗಿಗಳಿಗೆ ಸ್ಟೆರೈಲ್ ಅಥವಾ ಕುದಿಸಿ ಆರಿಸಿದ ನೀರಿನಲ್ಲಿ ಮೈ ಒರೆಸುವುದು. ಆಮೇಲೆ ಮಾದರಿ ತೆಗೆಯುವುದು. ಸ್ಟೆರೈಲ್ ಬಾಟಲಿಯಲ್ಲಿ 1 ಲೀಟರ್, ನಲ್ಲಿ ತಿರುಗಿಸಿದ ಕೂಡಲೇ ಬರುವ ಮೊದಲ ನೀರು. ನಂತರ ಹರಿಸಿ ಇನ್ನೊಂದು. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಬಾಟಲಿಯೊಳಗೇ ಕೊಲ್ಲದಂತೆ ಅದರಲ್ಲಿ ಮೊದಲೇ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಶವರ್ ತಲೆಯ ಒಳಭಾಗದ ಸ್ವಾಬ್ ಕೂಡ ಬೇಕು. ನೀರಿನಲ್ಲಿ ಲೀಜಿಯೊನೆಲ್ಲಾ ಎಣಿಸುವ ಅಂತರರಾಷ್ಟ್ರೀಯ ಐಎಸ್‌ಒ 11731 ವಿಧಾನದ ಕಲ್ಚರ್ ಫಲಿತಾಂಶಕ್ಕೆ ಸುಮಾರು 10 ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ನಲ್ಲಿಗೆ 0.2 ಮೈಕ್ರಾನ್ ಫಿಲ್ಟರ್ ಕೂರಿಸಬಹುದು.

ಇಷ್ಟಾದ ಮೇಲೆ ಶುದ್ಧೀಕರಣ. 10,000 ಲೀಟರ್ ಟ್ಯಾಂಕಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬರಬೇಕಾದರೆ 500 ಗ್ರಾಂ ಕ್ಲೋರಿನ್ ಬೇಕು: ಶೇ 33ರ ತಾಜಾ ಬ್ಲೀಚಿಂಗ್ ಪೌಡರಾದರೆ ಸುಮಾರು ಒಂದೂವರೆ ಕಿಲೋ, ಶೇ 10ರ ಹೈಪೋಕ್ಲೋರೈಟಾದರೆ 5 ಲೀಟರ್. ಮುಂಬಯಿಯ ಸೆಕೆಗೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತ ಹೈಪೋಕ್ಲೋರೈಟಿನಲ್ಲಿ ಆ ಬಲ ಉಳಿದಿರುವುದಿಲ್ಲ. ಆ ನೀರನ್ನು ಪ್ರತಿ ನಲ್ಲಿಯಿಂದ ಕ್ಲೋರಿನ್ ವಾಸನೆ ಬರುವವರೆಗೆ ಹರಿಸಿ, ಪೈಪುಗಳಲ್ಲಿ ನಿಲ್ಲಿಸಿ, ನಂತರ ಪೂರ್ತಿ ತೊಳೆಯಬೇಕು. ಆ ಹೊತ್ತು ಯಾರೂ ಆ ನೀರನ್ನು ಬಳಸಬಾರದು.

ಕಾನೂನಿನ ಮಾತು

ಆಸ್ಪತ್ರೆಯಲ್ಲೇ ಬಂತೆಂದು ಹೇಳುವುದು ಹೇಗೆ? ಸಿಡಿಸಿಯ ಅಳತೆಗೋಲು ಉಪಯೋಗಕ್ಕೆ ಬರುತ್ತದೆ: ಲಕ್ಷಣ ಶುರುವಾಗುವ ಮುಂಚಿನ 14 ದಿನಗಳಲ್ಲಿ 10 ದಿನ ಅಥವಾ ಹೆಚ್ಚು ಒಂದೇ ಸಮನೆ ಒಳರೋಗಿಯಾಗಿದ್ದರೆ ಆಸ್ಪತ್ರೆಯದ್ದೇ ಎಂದು ಪರಿಗಣಿಸುತ್ತಾರೆ, ಅದಕ್ಕಿಂತ ಕಡಿಮೆ ಇದ್ದರೆ ‘ಇರಬಹುದು’. ನಾಲ್ಕೈದು ದಿನ ಮಾತ್ರ ದಾಖಲಾಗಿದ್ದವರ ವಿಷಯದಲ್ಲಿ ಆಸ್ಪತ್ರೆಯ ವಕೀಲರು ‘ನಿಮ್ಮ ಮನೆಯ ಗೀಸರಿನಿಂದ ಬಂದಿದೆ’ ಎನ್ನುತ್ತಾರೆ. ಆ ವಾದ ನ್ಯಾಯವಾದದ್ದೇ. ಉತ್ತರ ಕೈಯಲ್ಲಿರಲು ಮನೆಯ ಶವರ್, ಗೀಸರಿನ ನೀರಿನ ಮಾದರಿಯನ್ನೂ ಅದೇ ವಾರ ಪರೀಕ್ಷೆ ಮಾಡಿಸಿಡಿ. ಯಾವ ತಾರೀಕಿನಿಂದ ಯಾವ ಹಾಸಿಗೆಯಲ್ಲಿದ್ದರು, ಸ್ನಾನ ಎಲ್ಲಿ ಮಾಡಿದರು, ಆಮ್ಲಜನಕ ಯಾವಾಗ ಹಚ್ಚಿದರು, ಇದನ್ನೆಲ್ಲ ನೆನಪು ಹಸಿಯಾಗಿರುವಾಗಲೇ ಬರೆದಿಡಿ.

ದಾಖಲೆ ಕೇಳುವುದು ಹಕ್ಕು. 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ರೋಗಿ ಅಥವಾ ಅಧಿಕೃತ ಸಂಬಂಧಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ದಾಖಲೆಗಳನ್ನು ಚಿಕಿತ್ಸೆ ಆರಂಭವಾದಾಗಿನಿಂದ 3 ವರ್ಷ ಇಟ್ಟುಕೊಳ್ಳಬೇಕು. ರಘುನಾಥ ರಹೇಜಾ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 1996ರಲ್ಲೇ ಈ ಹಕ್ಕನ್ನು ಎತ್ತಿಹಿಡಿದಿದೆ. ಡಿಸ್ಚಾರ್ಜ್ ಸಮ್ಮರಿ ಸಾಲದು. ಇಂಡೋರ್ ಕೇಸ್ ಪೇಪರ್ ಪೂರ್ತಿ ಕೇಳಿ: ನರ್ಸಿಂಗ್ ನೋಟ್ಸ್, ಔಷಧಿ ಚಾರ್ಟ್, ಲ್ಯಾಬ್ ವರದಿ, ಹಾಸಿಗೆ ಬದಲಾವಣೆಯ ನಮೂದು. ಅದೇ ಪತ್ರದಲ್ಲಿ ಕಳೆದ 12 ತಿಂಗಳ ಟ್ಯಾಂಕ್ ಶುದ್ಧೀಕರಣದ ರಿಜಿಸ್ಟರ್, ಕ್ಲೋರಿನ್ ಮತ್ತು ತಾಪಮಾನದ ದಿನವಹಿ, ಲೀಜಿಯೊನೆಲ್ಲಾ ಪರೀಕ್ಷೆಯ ವರದಿಗಳನ್ನೂ ಕೇಳಿ, ನೀರಿನ ಮಾದರಿ ಮತ್ತು ರೋಗಿಯ ಕಲ್ಚರನ್ನು ನಾಶಮಾಡದೆ ಕಾಪಾಡಬೇಕೆಂದು ಬರೆಯಿರಿ. 72 ಗಂಟೆಯ ನಿಯಮ ನೀರಿನ ದಾಖಲೆಗೆ ಅನ್ವಯಿಸುವುದಿಲ್ಲ, ಅವರು ನಿರಾಕರಿಸಬಹುದು. ಆದರೂ ಬರೆದು ಕೇಳಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಗ್ರಾಹಕ ಆಯೋಗಕ್ಕೆ ದಾಖಲೆ ತರಿಸುವ ಅಧಿಕಾರ ಇದೆ. ನೀವು ಕೇಳಿದ್ದೀರೆಂದು ಗೊತ್ತಿದ್ದೂ ದಾಖಲೆ ಕಾಪಾಡದೆ ಹೋದದ್ದು ಆಗ ಆಸ್ಪತ್ರೆಗೇ ಮುಳುವಾಗುತ್ತದೆ.

ದೂರು ಯಾರ ಮೇಲೆ? ಕೋಪ ಚಿಕಿತ್ಸೆ ಕೊಟ್ಟ ಡಾಕ್ಟರ ಮೇಲೆ ತಿರುಗುವುದು ಸಹಜ, ಆದರೆ ಟ್ಯಾಂಕು, ಪೈಪು ಅವರ ಕೈಯಲ್ಲಿರುವುದಿಲ್ಲ. ಇದು ಸಂಸ್ಥೆಯ ಹೊಣೆ. ಸವಿತಾ ಗರ್ಗ್ ಪ್ರಕರಣದಲ್ಲಿ (2004) ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿರಲಿ: ವೈದ್ಯರನ್ನು ಪ್ರತಿವಾದಿ ಮಾಡಿಲ್ಲವೆಂದು ಆಸ್ಪತ್ರೆಯ ಮೇಲಿನ ದೂರು ಬಿದ್ದುಹೋಗುವುದಿಲ್ಲ, ದೂರುದಾರರು ಆರಂಭಿಕ ಹೊಣೆ ಮುಗಿಸಿದ ಮೇಲೆ ತನ್ನಿಂದ ನಿರ್ಲಕ್ಷ್ಯವಾಗಿಲ್ಲ ಎಂದು ತೋರಿಸುವುದು ಆಸ್ಪತ್ರೆಯ ಕೆಲಸ. ರೋಗ ಪತ್ತೆಗೆ ತಡವಾದದ್ದೂ ದೂರಿನ ಭಾಗವಾದರೆ ಮಾತ್ರ ವೈದ್ಯರ ಪ್ರಶ್ನೆ ಬರುತ್ತದೆ, ಆಗ ತಜ್ಞರ ಅಭಿಪ್ರಾಯ ಬೇಕಾಗುತ್ತದೆ. ಪೊಲೀಸ್ ದೂರಿನ ದಾರಿ ಕಠಿಣ: 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ವೈದ್ಯರ ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯ ಸಾಬೀತಾಗಬೇಕು. ಪರಿಹಾರ ಬೇಕಾದವರು ಅದರ ಹಿಂದೆ ಬಿದ್ದು ಕಾಲ ಕಳೆಯಬಾರದು.

2019ರ ಗ್ರಾಹಕ ರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲೇ ‘ಸೇವಾ ನ್ಯೂನತೆ’ ಎಂದರೆ ಸಂಬಂಧಪಟ್ಟ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇರಿದೆ. ವಾರ್ಡಿನಲ್ಲಿ ಮೊದಲೇ ಪ್ರಕರಣಗಳು ಬಂದಿದ್ದು, ಹೊಸ ರೋಗಿಗೆ ಹೇಳದೆ ದಾಖಲು ಮಾಡಿಕೊಂಡಿದ್ದರೆ ಈ ಅಂಶ ಬಲವಾದದ್ದು. ಹಣ ಪಡೆಯುವ ಖಾಸಗಿ ಆಸ್ಪತ್ರೆಗಳು ಈ ಕಾಯ್ದೆಯಡಿ ಬರುತ್ತವೆ. ಮಹಾರಾಷ್ಟ್ರದ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳಲ್ಲಿ ಬಡವರಿಗೆ ಮೀಸಲಾದ ಹಾಸಿಗೆಯಲ್ಲಿ ಉಚಿತ ಚಿಕಿತ್ಸೆ ಪಡೆದವರಿಗೂ ಹಕ್ಕಿದೆ: 1995ರ ವಿ.ಪಿ. ಶಾಂತಾ ತೀರ್ಪಿನ ಪ್ರಕಾರ ಕೆಲವರಿಂದ ಹಣ ಪಡೆಯುವ ಆಸ್ಪತ್ರೆಯಲ್ಲಿ ಉಚಿತ ರೋಗಿಯೂ ಗ್ರಾಹಕನೇ. ಎಲ್ಲರಿಗೂ ಪೂರ್ತಿ ಉಚಿತವಾದ ಆಸ್ಪತ್ರೆ ಮಾತ್ರ ಹೊರಗೆ. ಅಲ್ಲಿ ಸಿವಿಲ್ ದಾವೆ, ಸರ್ಕಾರಿ ಆಸ್ಪತ್ರೆಯಾದರೆ ಹೈಕೋರ್ಟಿನ ರಿಟ್ ಕೂಡ ದಾರಿ. ಸರ್ಕಾರಿ ಮತ್ತು ಪಾಲಿಕೆ ಆಸ್ಪತ್ರೆಗಳ ನೀರಿನ ದಾಖಲೆಗೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನ, ಜೀವದ ಪ್ರಶ್ನೆಯಾದರೆ 48 ಗಂಟೆ.

ಮುಂಬಯಿ, ಪುಣೆಯಲ್ಲಿ ಖಾಸಗಿ ಆಸ್ಪತ್ರೆಗೆ ಪರವಾನಗಿ ಕೊಡುವುದು ಮಹಾರಾಷ್ಟ್ರ ನರ್ಸಿಂಗ್ ಹೋಮ್ಸ್ ನೋಂದಣಿ ಕಾಯ್ದೆಯಡಿ ಪಾಲಿಕೆಯ ಆರೋಗ್ಯ ಇಲಾಖೆ. 2021ರ ತಿದ್ದುಪಡಿ ನಿಯಮಗಳು ರೋಗಿಗಳ ಹಕ್ಕುಪತ್ರ ಪ್ರದರ್ಶಿಸಬೇಕೆಂದೂ ದೂರು ಪರಿಹಾರ ಕೋಶ ಇರಬೇಕೆಂದೂ ಹೇಳುತ್ತವೆ. ಪರಿಹಾರದ ಹಣ ಇಲ್ಲಿ ಸಿಗುವುದಿಲ್ಲ, ಆದರೆ ಬೇರೆ ರೋಗಿಗಳಿಗೆ ಅಪಾಯವಾಗುವ ಮುನ್ನ ಪರಿಶೀಲನೆಗೆ ಅಧಿಕಾರಿಯನ್ನು ಕಳಿಸಬಲ್ಲವರು ಇವರೇ. ಹಾಗಾಗಿ ಈ ದೂರು ಮೊದಲ ದಿನವೇ ಹೋಗಲಿ. ಬಿಲ್ ಬಾಕಿ ಇದೆಯೆಂದು ಮೃತದೇಹವನ್ನಾಗಲಿ ರೋಗಿಯನ್ನಾಗಲಿ ತಡೆಹಿಡಿಯಬಾರದೆಂಬುದೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಪತ್ರದಲ್ಲಿದೆ.

ಗ್ರಾಹಕ ದೂರಿಗೆ ಗಡುವು 2 ವರ್ಷ. ಕೇಳುವ ಪರಿಹಾರವಲ್ಲ, ಆಸ್ಪತ್ರೆಗೆ ಕಟ್ಟಿದ ಮೊತ್ತದ ಮೇಲೆ ಆಯೋಗ ನಿರ್ಧಾರವಾಗುತ್ತದೆ: 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ. ಕಟ್ಟಿದ್ದು 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವೇ ಇಲ್ಲ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ.

ಗಡಿಯಾಚೆಯಿಂದ ಬರುವ ನಮ್ಮವರು ತಿಳಿದಿರಬೇಕಾದ ಒಂದು ಅನುಕೂಲ ಇದೆ. ಕಾರವಾರದಿಂದ ಗೋವಾಕ್ಕೆ, ಬೆಳಗಾವಿ, ವಿಜಯಪುರದಿಂದ ಪುಣೆ, ಮುಂಬಯಿಗೆ ಚಿಕಿತ್ಸೆಗೆ ಹೋದವರು ದೂರು ಕೊಡಲು ಮತ್ತೆ ಅಲ್ಲಿಗೆ ಅಲೆಯಬೇಕಿಲ್ಲ. ದೂರುದಾರರು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ಸಲ್ಲಿಸಬಹುದು, ಆನ್‌ಲೈನಿನಲ್ಲಿ ಹಾಕಬಹುದು, ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಕೋರಬಹುದು. ಡೊಂಬಿವಲಿ, ಮಾಟುಂಗದ ಸಂಬಂಧಿಕರ ಮನೆಯಲ್ಲಿ ಉಳಿದು ಆರೈಕೆ ಮಾಡಿದವರು ಊರಿಗೆ ಹೊರಡುವ ಮುನ್ನ ಕೇಸ್ ಪೇಪರಿನ ಅರ್ಜಿಗೆ ಸೀಲು ಹಾಕಿಸಿಕೊಂಡು, ಆಸ್ಪತ್ರೆ ಸಹಿ ಮಾಡಿಸಿಕೊಂಡ ಮರಾಠಿ ಕಾಗದಗಳ ಫೋಟೋ ತೆಗೆದುಕೊಂಡು ಹೋದರೆ ಸಾಕು. ದೂರಿನ ಜೊತೆಯಲ್ಲೇ ಗ್ರಾಹಕ ರಕ್ಷಣಾ ಕಾಯ್ದೆಯ 38(8)ನೇ ಕಲಮಿನಡಿ ಮಧ್ಯಂತರ ಅರ್ಜಿ ಹಾಕಿ, ಟ್ಯಾಂಕಿನ ದಿನವಹಿ ಮತ್ತು ಲ್ಯಾಬಿನಲ್ಲಿರುವ ಕಲ್ಚರನ್ನು ತೀರ್ಪಿನವರೆಗೆ ಕಾಪಾಡಲು ಆದೇಶ ಕೇಳಿ. ಲ್ಯಾಬುಗಳು ಬೆಳೆಸಿದ ಬ್ಯಾಕ್ಟೀರಿಯಾವನ್ನು ಯಾರೂ ಕೇಳದಿದ್ದರೆ ಬಹಳ ದಿನ ಇಟ್ಟುಕೊಳ್ಳುವುದಿಲ್ಲ.